ಒಂದೇ ಕೀಬೋರ್ಡು, ಐದು ಬಾಯಿ

ಫೆಬ್ರವರಿ 6

ತಮ್ಮಾ,

ಈ ಭಾನುವಾರವೂ ನಿನ್ನ ಫೋನ್ ಇಲ್ಲ. ಸುರಂಗದ ಕ್ಯಾಂಪಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಒಪ್ಪಿದೆ. ಆದರೆ ವಾರಕ್ಕೊಮ್ಮೆ ಸಾಮಾನಿನ ಲಾರಿ ಹತ್ತಿ ಕೆಳಗಿನ ಊರಿಗೆ ಇಳಿಯುತ್ತೀಯಲ್ಲ, ಅಲ್ಲಿಂದ ಅಕ್ಕನ ಜೊತೆ ಎರಡು ಮಾತಾಡಿದರೆ ನಿನ್ನ ಗಂಟೇನು ಹೋಗುತ್ತದೆ? ಕಾಗದ ಬರಿ, ಕಾಗದ ಬರಿ ಎನ್ನುತ್ತೀಯ. ಸರಿ, ಬರೆಯುತ್ತೇನೆ. ಓದಿ ತಲೆ ಚಿಟ್ಟು ಹಿಡಿದರೆ ನನ್ನನ್ನು ದೂರಬೇಡ.

ಆಫೀಸಿನಲ್ಲಿ ಈಗ ಸ್ವಲ್ಪ ಬಿಡುವು. ಮನೆಯಲ್ಲಿ ಕೂತು ಗಂಡನ ಮೇಲೆ ರೇಗುವ ಬದಲು ಹೊರಗೆ ಹೋಗಿ ನಾಲ್ಕು ಜನರ ಮೇಲೆ ರೇಗಲಿ ಎಂದು ನಿನ್ನ ಭಾವ ಒಂದು ವಿಳಾಸ ತಂದುಕೊಟ್ಟರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಅಲ್ಲಿ ಒಂದು ಗುಂಪು ಸೇರಿ ಸಣ್ಣ ಆಸ್ಪತ್ರೆಗಳ ರಕ್ತನಿಧಿಗೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತದೆ. ಯಾವ ಚೀಲ ಯಾವ ಗುಂಪಿನ ರಕ್ತ, ಎಲ್ಲಿದೆ, ಯಾವತ್ತಿನವರೆಗೆ ಬಳಸಬಹುದು, ಇಷ್ಟನ್ನು ನೋಡಿಕೊಳ್ಳುವುದು ಅದರ ಕೆಲಸ. ಓಪನ್ ಸೋರ್ಸ್, ಅಂದರೆ ಬರೆದ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬಳಸಬಹುದು. ನನಗೆ ಒಳ್ಳೆಯದೆನ್ನಿಸಿತು. ಹದಿನೆಂಟು ವರ್ಷ ಕೋಡ್ ಬರೆದವಳು ನಾನು. ಮೂಲೆಯಲ್ಲಿ ಒಂದು ಕಂಪ್ಯೂಟರ್ ಕೊಡುತ್ತಾರೆ, ಬೇಕಾದ್ದನ್ನು ಬರೆದುಕೊಟ್ಟು ಬರುತ್ತೇನೆ ಎಂದುಕೊಂಡು ಹೋದೆ.

ಅವರು ಕೆಲಸ ಮಾಡುವ ರೀತಿ ಕೇಳು. ಕೋಣೆಗೆಲ್ಲ ಒಂದೇ ಕೀಬೋರ್ಡು. ಗೋಡೆಯ ಮೇಲೆ ಒಂದೇ ದೊಡ್ಡ ಪರದೆ. ಒಬ್ಬರು ಟೈಪ್ ಮಾಡಬೇಕು, ಮಿಕ್ಕವರು ಹೇಳಬೇಕು. ಟೈಪ್ ಮಾಡುವವರು ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ, ಬುದ್ಧಿ ಓಡಿದವರು ಕೀಬೋರ್ಡು ಮುಟ್ಟುವ ಹಾಗಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಗುಂಪಿನ ಹಿರಿಯ ಮೇಜಿನ ಮೇಲಿನ ಗಂಟೆ ಬಾರಿಸುತ್ತಾನೆ, ಎಲ್ಲರೂ ಎದ್ದು ಜಾಗ ಬದಲಾಯಿಸಬೇಕು. ಸಣ್ಣ ಮಕ್ಕಳ ಕುರ್ಚಿಯಾಟ ನೋಡಿದ್ದೀಯಲ್ಲ, ಅದೇ. ಆತನಿಗೆ ನಾನು ಗಂಟೆಯಣ್ಣ ಎಂದು ಹೆಸರಿಟ್ಟಿದ್ದೇನೆ. ವಿಮಾ ಕಂಪನಿಯಲ್ಲಿ ಪಾಳಿಯ ಕೆಲಸವಂತೆ. ಇನ್ನೊಬ್ಬಳು ಸಸ್ಯಶಾಸ್ತ್ರ ಓದಿ ಈಗ ಕೋಡ್ ಕಲಿಯಲು ಬಂದವಳು. ಪ್ರತಿ ಸಾಲಿಗೂ "ಇದು ಯಾಕೆ?" ಎನ್ನುತ್ತಾಳೆ. ಯಾಕಮ್ಮ. ಮೂರನೆಯವರು ಆಸ್ಪತ್ರೆಯ ಲ್ಯಾಬ್ ಮೇಡಂ. ನಾಲ್ಕನೆಯವನು ಮೌನಿ, ಇಡೀ ಮಧ್ಯಾಹ್ನಕ್ಕೆ ಎರಡು ಸಲ "ಹೂಂ" ಎಂದ. ಐದನೆಯವಳು ನಾನು.

ಮೊದಲ ದಿನ ಊಟವಾದ ಮೇಲೆ ಕೂತವರು ಸಂಜೆಯವರೆಗೆ ಬರೆದದ್ದು ನಾಲ್ಕು ಸಾಲು. ಆ ನಾಲ್ಕು ಸಾಲನ್ನು ನಾನು ಹಲ್ಲುಜ್ಜುತ್ತಾ ಬರೆಯುತ್ತೇನೆ. ಬೇರೆಯವರ ಬೆರಳು ತಪ್ಪು ಅಕ್ಷರದ ಕಡೆಗೆ ಹೋಗುವುದನ್ನು ಸುಮ್ಮನೆ ನೋಡುತ್ತಾ ಕೂರುವುದಿದೆಯಲ್ಲ, ಅದು ಹಿಂಸೆ. ಒಂದು ಸಲ ತಡೆಯಲಾರದೆ ಯಾಕಮ್ಮನ ಕೈ ಸರಿಸಿ ನಾನೇ ಟೈಪ್ ಮಾಡಿದೆ. ಎಲ್ಲರೂ ನನ್ನ ಮುಖ ನೋಡಿದರು, ಸಾವಿನ ಮನೆಯಲ್ಲಿ ನಕ್ಕವಳನ್ನು ನೋಡುವ ಹಾಗೆ.

ಗುರುವಾರ ಮತ್ತೆ ಹೋಗಬೇಕು. ಯಾಕೋ ಗೊತ್ತಿಲ್ಲ.

ಅಕ್ಕ

ಫೆಬ್ರವರಿ 21

ಅಕ್ಕಾ,

ನಿನ್ನ ಕಾಗದ ಲಾರಿಯಲ್ಲಿ ಈರುಳ್ಳಿ ಮೂಟೆಯ ಕೆಳಗೆ ಸಿಕ್ಕಿಕೊಂಡು ಬಂತು. ಈರುಳ್ಳಿಗಿಂತ ಖಾರವಾಗಿತ್ತು.

ನನಗೆ ಕೋಡ್ ಗೊತ್ತಿಲ್ಲ, ಯಂತ್ರ ಗೊತ್ತು. ಬೆಟ್ಟ ಕೊರೆಯುವ ಯಂತ್ರಕ್ಕೆ ಐದು ಜನ ಸೇರಿ ಒಂದೇ ಸ್ಪಾನರ್ ಹಿಡಿದರೆ ಏನಾಗುತ್ತದೆಂದು ಊಹಿಸಬಲ್ಲೆ. ಬಿಟ್ಟಿ ಚಾಕರಿ ಮಾಡಿಸಿಕೊಳ್ಳಲು ಇದೊಂದು ಹೊಸ ಉಪಾಯ. ನೀವು ಬರೆದದ್ದನ್ನು ನಾಳೆ ಯಾವನೋ ಹೆಸರು ಬದಲಾಯಿಸಿ ಮಾರುತ್ತಾನೆ. ಆಮೇಲೆ ನನಗೆ ಹೇಳಬೇಡ.

ಇಲ್ಲಿಯೂ ಮೀಟಿಂಗಿನ ಹುಚ್ಚು ಹಿಡಿದಿದೆ. ದಿನಾ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿ ಮಾತಾಡಿಸುತ್ತಾರೆ. ಎಲ್ಲರೂ ಒಟ್ಟಿಗೆ ಬಾಯಿ ಹಾಕುತ್ತಾರೆ, ಒಂದಕ್ಕೂ ತಲೆಬುಡ ಇರುವುದಿಲ್ಲ. ನಾನು ಹೋಗುವುದನ್ನೇ ಬಿಟ್ಟಿದ್ದೇನೆ. ನನ್ನ ಕೆಲಸ ನನಗೆ ಗೊತ್ತು.

ಫೋನಿನ ಬಗ್ಗೆ: ಕೆಳಗಿನ ಊರಿನ ಬಸ್ ನಿಲ್ದಾಣದಲ್ಲಿ ಗದ್ದಲ, ಅಂಗಡಿಯಲ್ಲಿ ರೇಡಿಯೊ, ರಸ್ತೆಯಲ್ಲಿ ಗಾಳಿ. ಕಾಗದವೇ ವಾಸಿ. ಇದನ್ನು ಎಷ್ಟು ಸಲ ಹೇಳಲಿ?

ಇನ್ನೊಂದು. ನಿನ್ನ ಗುಂಪು ಸೇರುವುದು ವಾರದ ನಡುವೆ, ಮಧ್ಯಾಹ್ನದ ಹೊತ್ತು. ನಿನ್ನ ಆಫೀಸು ಮಧ್ಯಾಹ್ನ ನಿನ್ನನ್ನು ಹೊರಗೆ ಬಿಡಲು ಶುರು ಮಾಡಿದ್ದು ಯಾವಾಗಿನಿಂದ? ನೀನು ಜ್ವರದಲ್ಲೂ ರಜೆ ಹಾಕಿದವಳಲ್ಲ. ಬಿಡುವು ಎಂದರೆ ಎಂಥ ಬಿಡುವು?

ತಮ್ಮ

ಮಾರ್ಚ್ 7

ತಮ್ಮಾ,

ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು ನೀನು.

ಹೌದು, ಕೆಲಸ ಹೋಗಿದೆ. ಡಿಸೆಂಬರಿನಲ್ಲೇ. ಕೇಳಿದ್ದೀಯ, ಪೂರ್ತಿ ಕೇಳು. ಕಂಪನಿಯವರು ಹಳೆಯದನ್ನೆಲ್ಲ ತೆಗೆದು ಹೊಸದು ಹಾಕಿದರು. ಸರಕಿನ ಲೆಕ್ಕದ ಇಡೀ ವ್ಯವಸ್ಥೆ ನಾನೊಬ್ಬಳೇ ಕಟ್ಟಿದ್ದು, ಒಂದು ದಿನ ನಿಂತದ್ದಿಲ್ಲ. ಅದನ್ನು ತೆಗೆಯುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮ್ಯಾನೇಜರ್ ಕರೆದು ಕೂರಿಸಿ ಬಹಳ ಮೆತ್ತಗೆ ಹೇಳಿದ: "ನೀವು ಬರೆದದ್ದು ನಿಮಗೊಬ್ಬರಿಗೇ ಅರ್ಥ ಆಗುತ್ತೆ ಮೇಡಂ. ನೀವು ರಜೆ ಹಾಕಿದ ದಿನ ನಮಗೆಲ್ಲ ಭಯ." ನಾನದನ್ನು ಹೊಗಳಿಕೆ ಎಂದುಕೊಂಡೆ. ಅದು ಬಾಗಿಲು ತೋರಿಸುವ ಮಾತು ಎಂದು ತಿಳಿಯಲು ಅವನು ಲಕೋಟೆ ಮುಂದೆ ಸರಿಸುವವರೆಗೂ ಕಾಯಬೇಕಾಯಿತು.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನೀನು ಬುದ್ಧಿ ಹೇಳುತ್ತೀಯ. ಈಗಲೂ ಹೇಳಬೇಡ.

ಇನ್ನು ಆ ಕೋಣೆಯ ಕಥೆ. ಚೀಲವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವ ವ್ಯವಸ್ಥೆ ಬೇಕು ಎಂದು ಲ್ಯಾಬ್ ಮೇಡಂ ಬಹಳ ದಿನದಿಂದ ಕೇಳುತ್ತಿದ್ದರು. ಇಲ್ಲಿ ಚೀಲ ಅವಧಿ ಮುಗಿದು ಕಸಕ್ಕೆ ಹೋಗುತ್ತದೆ, ಪಕ್ಕದ ಆಸ್ಪತ್ರೆಯಲ್ಲಿ ಅದೇ ರಕ್ತಕ್ಕೆ ಜನ ಬಾಗಿಲಲ್ಲಿ ನಿಂತಿರುತ್ತಾರೆ. ಈ ಗುಂಪಿನ ವೇಗದಲ್ಲಿ ಅದು ಮುಗಿಯಬೇಕಾದರೆ ಯಾಕಮ್ಮನಿಗೆ ಮೊಮ್ಮಕ್ಕಳಾಗಿರುತ್ತಾರೆ. ಹಾಗಾಗಿ ನಾನೇ ಮನೆಯಲ್ಲಿ ಕೂತು ಒಂದು ವಾರದಲ್ಲಿ ಬರೆದು ಮುಗಿಸಿದೆ. ಕೋಡ್ ಸರಿಯಿದೆಯೇ ಎಂದು ತಾನೇ ನೋಡಿ ಹೇಳುವ ಪರೀಕ್ಷೆಗಳನ್ನೂ ಬರೆದೆ, ಎಲ್ಲವೂ ಪಾಸು. ಗುರುವಾರ ತೆಗೆದುಕೊಂಡು ಹೋಗಿ ತೋರಿಸಿದೆ.

ಚಪ್ಪಾಳೆ ಬೇಡ, ಒಂದು ಥ್ಯಾಂಕ್ಸ್ ಆದರೂ ಹೇಳಬಹುದಿತ್ತಲ್ಲ? ಎಲ್ಲರೂ ಪರದೆ ನೋಡಿದರು. ಗಂಟೆಯಣ್ಣ ಗಡ್ಡ ಕೆರೆದುಕೊಂಡ.

"ತುಂಬ ಚೆನ್ನಾಗಿದೆ ಮೇಡಂ. ಆದ್ರೆ ಇದನ್ನ ನಾವು ತಗೊಳ್ಳೋಕಾಗಲ್ಲ."

ಕೊನೆಗೆ ನಾನೇ "ಯಾಕೆ?" ಎಂದು ಕೇಳುವ ಗತಿ ಬಂತು.

"ನಾಳೆ ನೀವು ಬರದೇ ಹೋದ್ರೆ ಇದನ್ನ ತಿದ್ದೋರು ಯಾರು? ಎಲ್ಲರೂ ಕೂತು ಮೊದಲಿಂದ ಬರೆಯೋಣ. ನೀವೇ ಹೇಳಿ, ನಾವು ಟೈಪ್ ಮಾಡ್ತೀವಿ."

ಮೊದಲಿನಿಂದ. ಮುಗಿದ ಕೆಲಸವನ್ನು ಮೊದಲಿನಿಂದ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ. ಮೆಟ್ಟಿಲ ಮೇಲೆ ಸೈಕಲ್ ಅಂಗಡಿಯವನು ಒಂದು ಚಕ್ರ ಅಡ್ಡ ಇಟ್ಟಿದ್ದ, ಅದನ್ನೂ ಒದ್ದು ಬಂದೆ. ಇನ್ನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ.

ಅಕ್ಕ

ಮಾರ್ಚ್ 20

ಅಕ್ಕಾ,

ಬಿಟ್ಟು ಬಂದದ್ದು ಒಳ್ಳೆಯದಾಯಿತು. ಮಾಡಿಟ್ಟ ಕೆಲಸವನ್ನು ಬೇಡವೆನ್ನುವವರ ಹತ್ತಿರ ನಿನಗೇನು ಕೆಲಸ? ಸರಿಯಾದ ಆಫೀಸು ನೋಡಿ ಅರ್ಜಿ ಹಾಕು.

ಆದರೆ ಡಿಸೆಂಬರಿನಿಂದ ಇಲ್ಲಿಯವರೆಗೆ ನನ್ನಿಂದ ಮುಚ್ಚಿಟ್ಟೆಯಲ್ಲ, ಅದು ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ನಾವಿಬ್ಬರೇ ಇರುವುದು. ಒಬ್ಬರಿಗೊಬ್ಬರು ಹೇಳದೆ ಇನ್ನಾರಿಗೆ ಹೇಳಬೇಕು?

ಬುದ್ಧಿ ಹೇಳಬೇಡ ಎಂದಿದ್ದೀಯ. ಬುದ್ಧಿಯಲ್ಲ, ನೆನಪು. ನಾನು ಹೈಸ್ಕೂಲಿನಲ್ಲಿ ಗಣಿತದಲ್ಲಿ ಒದ್ದಾಡುವಾಗ ನೀನು ಹೇಳಿಕೊಡಲು ಕೂರುತ್ತಿದ್ದೆ. ಹೇಳಿಕೊಡುವುದು ಎರಡು ನಿಮಿಷ. ಆಮೇಲೆ "ಕೊಡೋ ಇಲ್ಲಿ" ಎಂದು ಪೆನ್ಸಿಲ್ ಕಿತ್ತುಕೊಂಡು ನೀನೇ ಬಿಡಿಸಿಬಿಡುತ್ತಿದ್ದೆ. ಉತ್ತರ ಯಾವತ್ತೂ ಸರಿ. ಪರೀಕ್ಷೆಯ ಹಾಲಿನಲ್ಲಿ ಮಾತ್ರ ನಾನು ಗೋಡೆ ನೋಡುತ್ತಾ ಕೂತಿರುತ್ತಿದ್ದೆ. ಆ ಯಾಕಮ್ಮನ ಕೈ ಸರಿಸಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗ ನನ್ನ ಕೈಯೇ ಉರಿದ ಹಾಗಾಯಿತು. ಸುಮ್ಮನೆ ಬರೆದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇಂಟರ್‌ವ್ಯೂ ಇದ್ದರೆ ತಿಳಿಸು. ಮೂವತ್ತನೇ ತಾರೀಕು ಸಂಜೆ ಐದಕ್ಕೆ ಕೆಳಗಿನ ಊರಿನ ಔಷಧಿ ಅಂಗಡಿಯಲ್ಲಿರುತ್ತೇನೆ. ಇಷ್ಟೊಂದು ಗೋಳು ಹೊಯ್ದುಕೊಳ್ಳುತ್ತೀಯ, ಅಲ್ಲಿಗೆ ಫೋನ್ ಮಾಡು. ನಂಬರು ಹಿಂದುಗಡೆ ಬರೆದಿದ್ದೇನೆ.

ತಮ್ಮ

ಏಪ್ರಿಲ್ 2

ತಮ್ಮಾ,

ಫೋನ್ ಮಾಡಿದ್ದೇ ತಪ್ಪಾಯಿತು.

ಇಂಟರ್‌ವ್ಯೂ ಕೆಟ್ಟುಹೋಯಿತು, ಮರ್ಯಾದೆ ಹೋಯಿತು, ನನಗೆ ಇನ್ನು ಎಲ್ಲಿಯೂ ಕೆಲಸ ಸಿಗುವುದಿಲ್ಲ ಅನ್ನಿಸುತ್ತದೆ ಎಂದು ನಾನು ಹೇಳುತ್ತಿದ್ದರೆ ನೀನು ಹಾಂ, ಹಾಂ ಎನ್ನುತ್ತಿದ್ದೆ. ಕೊನೆಗೆ "ಒಳ್ಳೇದಾಯ್ತು ಬಿಡಕ್ಕ, ಸಂತೋಷ" ಎಂದು ಇಟ್ಟೆಯಲ್ಲ, ಯಾವ ಜನ್ಮದ ಸೇಡು ಅದು? ಪೆನ್ಸಿಲ್ಲಿನದೇ? ಏನಾಯಿತು ಎಂದು ಕೇಳಿದ ಭಾವನ ಮೇಲೂ ರೇಗಿದೆ.

ಫೋನಿನಲ್ಲಿ ಹೇಳಿದ್ದನ್ನು ನೀನು ಕಿವಿಗೇ ಹಾಕಿಕೊಳ್ಳಲಿಲ್ಲವಾದ್ದರಿಂದ ಮತ್ತೆ ಬರೆಯುತ್ತೇನೆ. ಇಬ್ಬರು ಕೂತಿದ್ದರು, ಇಬ್ಬರೂ ನನಗಿಂತ ಚಿಕ್ಕವರು. ಒಂದು ಸಮಸ್ಯೆ ಕೊಟ್ಟರು. ಬರೆದೆ. ಸರಿಯಾಗಿಯೇ ಬರೆದೆ. ಆಮೇಲೆ ಅವರಲ್ಲೊಬ್ಬಳು, "ಇದನ್ನ ಹೊಸದಾಗಿ ಸೇರಿದವರಿಗೆ ವಿವರಿಸೋ ಹಾಗೆ ನಮಗೆ ವಿವರಿಸಿ" ಎಂದಳು. ಬಾಯಿ ತೆರೆದೆ. ತಲೆಯಲ್ಲಿ ಎಲ್ಲ ಇದೆ, ನಾಲಿಗೆಗೆ ದಾರಿಯೇ ಇಲ್ಲ. ಇದು ಹೀಗೆ, ಅಂದರೆ, ನೋಡಿದರೆ ಗೊತ್ತಾಗುತ್ತದಲ್ಲ ಎಂದು ತಡವರಿಸಿದೆ. ಕೊನೆಗೆ, "ಬೇಕಾದ್ರೆ ಇನ್ನೊಂದು ಬರೆದುಕೊಡ್ತೀನಿ" ಎಂದೆ. ಆ ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. ಮಾತು ಮುಗಿದದ್ದು ಅಲ್ಲೇ.

ಬಸ್ಸಿನಲ್ಲಿ ಬರುವಾಗ ಇಡೀ ಲೋಕದ ಮೇಲೆ ಸಿಟ್ಟು. ಮ್ಯಾನೇಜರ್ ಮೇಲೆ, ಗಂಟೆಯಣ್ಣನ ಮೇಲೆ, ನಿನ್ನ ಮೇಲೆ. ಮೂವರೂ ಒಂದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಹೇಳಿದ್ದಕ್ಕೆ ಇನ್ನಷ್ಟು ಸಿಟ್ಟು.

ಹಾಳಾದ ಕೋಣೆಗೆ ಮತ್ತೆ ಹೋದೆ. ಕಾಲು ಹಿಡಿಯಲು ಹೋದದ್ದಲ್ಲ ಎಂಬುದನ್ನು ಬಾಗಿಲಲ್ಲೇ ಸ್ಪಷ್ಟಪಡಿಸಿದೆ. ಮೌನಿ ಒಂದು ಕುರ್ಚಿ ಸರಿಸಿದ. ಟೈಪ್ ಮಾಡುವ ಪಾಳಿ ಯಾಕಮ್ಮನದು. ನಾನು ಬರೆದು ಮುಗಿಸಿದ್ದನ್ನೇ ಅವಳಿಗೆ ಒಂದೊಂದು ಸಾಲಾಗಿ ಹೇಳಬೇಕು, ಅದೂ ಏನು ಮಾಡಬೇಕೆಂದು ಮಾತ್ರ, ಯಾವ ಕೀ ಒತ್ತಬೇಕೆಂದು ಅಲ್ಲ. ಅವಳಿಗೆ ಅರ್ಥವಾಗದಿದ್ದರೆ ತಪ್ಪು ನನ್ನದು. ಇದು ಅಲ್ಲಿಯ ಕಾನೂನು. ಗಂಟಲು ಒಣಗಿತು. ಮನೆಗೆ ಬಂದು ಭಾವನ ಜೊತೆ ಒಂದು ಮಾತೂ ಆಡದೆ ಗೋಡೆ ನೋಡುತ್ತಾ ಕೂತೆ. ಅವರಿಗೆ ಅದೊಂದು ಲಾಭ.

ನಿನ್ನಿಂದ ಕ್ಷಮೆಯ ಕಾಗದ ಬರುವವರೆಗೆ ನಾನು ಬರೆಯುವುದಿಲ್ಲ.

ಅಕ್ಕ

ಏಪ್ರಿಲ್ 25

ತಮ್ಮಾ,

ನಿನ್ನ ಕಾಗದವಿಲ್ಲ. ಬರೆಯುವುದಿಲ್ಲ ಎಂದವಳು ನಾನು, ಬಿಟ್ಟವನು ನೀನು. ನಾಚಿಕೆ ಬಿಟ್ಟು ಮತ್ತೆ ನಾನೇ ಬರೆಯುತ್ತಿದ್ದೇನೆ, ಯಾಕೆಂದರೆ ಮೊನ್ನೆ ನಡೆದದ್ದನ್ನು ನಿನಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಕೆಲವು ರೋಗಿಗಳಿಗೆ ರಕ್ತಕಣಗಳನ್ನು ಉಪ್ಪುನೀರಿನಲ್ಲಿ ತೊಳೆದು ಕೊಡಬೇಕಾಗುತ್ತದಂತೆ. ಸಾಮಾನ್ಯ ಚೀಲ ವಾರಗಟ್ಟಲೆ ಇರುತ್ತದೆ. ತೊಳೆದ ಚೀಲವನ್ನು ಒಂದು ದಿನದೊಳಗೆ ಬಳಸಬೇಕು, ಇಲ್ಲವೇ ಎಸೆಯಬೇಕು. ಇದು ನನಗೆ ಮೊದಲೇ ಗೊತ್ತಿತ್ತು, ನಮ್ಮ ಸಾಫ್ಟ್‌ವೇರಿಗೂ ಗೊತ್ತಿತ್ತು.

ಮೊನ್ನೆ ಯಾಕಮ್ಮ ಟೈಪ್ ಮಾಡುತ್ತಿದ್ದಳು, ನಾನು ಹೇಳುತ್ತಿದ್ದೆ. ಚೀಲ ಇನ್ನೊಂದು ಆಸ್ಪತ್ರೆಗೆ ಬಂದು ಸೇರುವ ಭಾಗ. "ಬಂದ ತಕ್ಷಣ ಅದರ ಅವಧಿಯನ್ನ ಮತ್ತೆ ಲೆಕ್ಕ ಹಾಕಬೇಕು. ರಕ್ತ ತೆಗೆದ ದಿನದಿಂದ" ಎಂದೆ. ಅವಳು ಟೈಪ್ ಮಾಡಲು ಶುರುಮಾಡಿದಳು. ಆಶ್ಚರ್ಯವೆಂದರೆ ಆ ದಿನ ಅವಳು ಯಾಕೆ ಎನ್ನಲಿಲ್ಲ. ಯಾರೂ ಏನೂ ಎನ್ನಲಿಲ್ಲ. ಗಂಟೆಯಣ್ಣ ತಲೆಯಾಡಿಸುತ್ತಿದ್ದ. ಲ್ಯಾಬ್ ಮೇಡಂ ನೀರು ಕುಡಿಯುತ್ತಿದ್ದರು. ನನ್ನ ಮಾತು ಕೋಣೆಯಲ್ಲಿ ನನಗೇ ಕೇಳಿಸಿತು. ರಕ್ತ ತೆಗೆದ ದಿನದಿಂದ. ಹಾಗಾದರೆ ತೊಳೆದ ಚೀಲ? ಇಲ್ಲಿಂದ ಹೊರಡುವಾಗ ಇನ್ನೊಂದೇ ದಿನ ಎಂದು ತೋರಿಸುತ್ತಿದ್ದದ್ದು, ಅಲ್ಲಿ ತಲುಪಿದ ಕೂಡಲೇ ಇನ್ನೂ ವಾರಗಟ್ಟಲೆ ಇದೆ ಎಂದು ತೋರಿಸುತ್ತದೆ. ಅವರು ಅದನ್ನು ಫ್ರಿಜ್ಜಿನಲ್ಲಿಟ್ಟು ಮುಂದಿನ ವಾರ ಯಾರಿಗೋ ಏರಿಸುತ್ತಾರೆ.

ತಮ್ಮಾ, ನಾನು ಮನೆಯಲ್ಲಿ ಕೂತು ಒಂದು ವಾರದಲ್ಲಿ ಮುಗಿಸಿ ತಂದಿದ್ದೆನಲ್ಲ, ಅದರಲ್ಲೂ ಇದೇ ಸಾಲಿತ್ತು. ಪರೀಕ್ಷೆಗಳನ್ನು ಬರೆದವಳೂ ನಾನೇ ಆದ್ದರಿಂದ ಎಲ್ಲವೂ ಪಾಸಾಗಿದ್ದವು. ಆ ದಿನ ಅವರು ಭೇಷ್ ಎಂದು ತೆಗೆದುಕೊಂಡಿದ್ದರೆ ಇಷ್ಟೊತ್ತಿಗೆ ಅದು ಆಸ್ಪತ್ರೆಗಳಲ್ಲಿ ಓಡುತ್ತಿರುತ್ತಿತ್ತು.

ಸುಮ್ಮನಿರಬಹುದಿತ್ತು. ಮನೆಗೆ ಬಂದು ಸದ್ದಿಲ್ಲದೆ ತಿದ್ದಿಬಿಡಬಹುದಿತ್ತು. ಒಂದು ಕ್ಷಣ ಅದೇ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ.

"ನಿಲ್ಲಿಸಮ್ಮ. ನಾನು ಹೇಳಿದ್ದು ತಪ್ಪು" ಎಂದೆ.

ಈ ವಾಕ್ಯವನ್ನು ನಾನು ಆಫೀಸಿನಲ್ಲಿ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ಯಾರೂ ಬೆಚ್ಚಿಬೀಳಲಿಲ್ಲ, ಅದೇ ನನ್ನನ್ನು ಇನ್ನಷ್ಟು ರೇಗಿಸಿತು. ನಾನು ವಿವರಿಸಿದೆ. ಲ್ಯಾಬ್ ಮೇಡಂ ಲೋಟ ಕೆಳಗಿಟ್ಟರು. ಮೌನಿ ಬಾಯಿ ತೆರೆದು, ಮೊದಲು ಈ ತಪ್ಪನ್ನು ಹಿಡಿಯುವ ಪರೀಕ್ಷೆ ಬರೆಯೋಣ ಎಂದ. ಅವನ ಕಂಠ ಅಷ್ಟು ಚೆನ್ನಾಗಿದೆ ಎಂದು ಗೊತ್ತೇ ಇರಲಿಲ್ಲ.

ನಿನ್ನನ್ನು ಬೈಯಲು ಕೂತವಳು ಇದನ್ನೆಲ್ಲ ಬರೆದೆ. ಬೈಗುಳ ಬಾಕಿ ಇದೆ.

ಅಕ್ಕ

ಮೇ 10

ಅಕ್ಕಾ,

ನಿನ್ನ ಕೊನೆಯ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅದರ ಹಿಂದಿನದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಒಂದು ಹೊಸ ಸುಳ್ಳು ಬೇಕಾಗುತ್ತಿತ್ತು, ಅದಕ್ಕೇ ಬರೆಯಲಿಲ್ಲ.

ನೀನು ಫೋನಿನಲ್ಲಿ ಇಂಟರ್‌ವ್ಯೂ ಕೆಟ್ಟುಹೋಯಿತು ಎಂದದ್ದು ನನಗೆ ಕೇಳಿಸಲಿಲ್ಲ. ಏನೋ ಗುಂಯ್‌ಗುಡುವ ಸದ್ದು, ನಡುನಡುವೆ ಇಂಟರ್‌ವ್ಯೂ ಎಂಬ ಮಾತು. ಕೆಲಸ ಸಿಕ್ಕಿತು ಎನ್ನುತ್ತಿದ್ದೀಯ ಎಂದುಕೊಂಡೆ. ಒಳ್ಳೇದಾಯ್ತು ಎಂದೆ.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ. ಕಳೆದ ವರ್ಷದಿಂದ ಶುರುವಾದದ್ದು. ಕಿವಿಗೆ ಮುಚ್ಚಳ ಹಾಕಿಕೊಳ್ಳಿ ಎಂದು ಕೊಡುತ್ತಾರೆ, ನಾನು ಹಾಕಿಕೊಳ್ಳುತ್ತಿರಲಿಲ್ಲ. ಹಾಕಿಕೊಂಡರೆ ಯಂತ್ರದ ಸದ್ದು ತಿಳಿಯುವುದಿಲ್ಲ. ನಾನು ಈ ಕೆಲಸ ಕಲಿತದ್ದೇ ಕಿವಿಯಿಂದ ಅಕ್ಕಾ. ಯಾವ ಬೇರಿಂಗ್ ಸೊರಗಿದೆ, ಯಾವ ಹಲ್ಲು ಸವೆದಿದೆ ಎಂದು ಬೇರೆಯವರು ಬಿಚ್ಚಿ ನೋಡುವುದನ್ನು ನಾನು ನಿಂತಲ್ಲೇ ಹೇಳುತ್ತಿದ್ದೆ. ಅದೂ ಹೋದರೆ ನನ್ನ ಹತ್ತಿರ ಏನು ಉಳಿಯಿತು? ಮೀಟಿಂಗಿಗೆ ಹೋಗುವುದನ್ನು ಬಿಟ್ಟದ್ದು ಅದಕ್ಕೇ. ಫೋನ್ ಬೇಡ ಎಂದದ್ದೂ ಅದಕ್ಕೇ. ಕೆಳಗಿನ ಊರಿನಲ್ಲಿ ಗಾಳಿಯೂ ಇಲ್ಲ, ರೇಡಿಯೊ ಕೂಡ ಇಲ್ಲ.

ಹೋದ ವಾರ ಸುರಂಗದೊಳಗೆ ಹಳಿ ದಾಟುತ್ತಿದ್ದೆ. ಮಣ್ಣಿನ ಟ್ರಾಲಿ ಹಾರ್ನ್ ಹೊಡೆಯುತ್ತಾ ಹಿಂದಿನಿಂದ ಬರುತ್ತಿತ್ತಂತೆ. ನನ್ನ ಫಿಟ್ಟರ್ ಕಾಲರ್ ಹಿಡಿದು ಎಳೆದ. "ಕೇಳಿಸಲಿಲ್ವಾ ಸಾರ್?" ಎಂದ. ಯೋಚನೆಯಲ್ಲಿದ್ದೆ ಎಂದೆ. ಅವನು ನಂಬಲಿಲ್ಲ, ಆದರೆ ಒಳ್ಳೆಯವನು, ಯಾರಿಗೂ ಹೇಳಲಿಲ್ಲ.

ನೀನು ನಿಲ್ಲಿಸಮ್ಮ ಎಂದದ್ದನ್ನು ಓದಿದ ಮೇಲೆ ನಾನೂ ಯಾರಿಗಾದರೂ ಹೇಳಬೇಕು ಅನ್ನಿಸಿತು. ಇಲ್ಲಿ ಹೇಳಿದರೆ ಕೆಲಸ ಹೋಗುತ್ತದೆ. ನಿನಗೆ ಹೇಳಿದರೆ ಬೈಗುಳ ಮಾತ್ರ. ಆದ್ದರಿಂದ ನಿನಗೆ.

ತಮ್ಮ

ಮೇ 15

ಲೋ ಮಹಾಶಯ,

ಒಬ್ಬರಿಗೊಬ್ಬರು ಹೇಳದೆ ಇನ್ನಾರಿಗೆ ಹೇಳಬೇಕು ಎಂದು ನನಗೆ ಪಾಠ ಮಾಡಿದವನು ನೀನೇ ತಾನೆ? ಮಾರ್ಚ್ ಇಪ್ಪತ್ತರ ಕಾಗದ ನನ್ನ ಹತ್ತಿರ ಇದೆ. ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆಸುತ್ತೇನೆ.

ಅತ್ತಾಯಿತು, ಬೈದೂ ಆಯಿತು, ಎರಡಕ್ಕೂ ಭಾವ ಸಿಕ್ಕರು. ಈಗ ಕೇಳು. ಕಿವಿಯ ಡಾಕ್ಟರ ಹತ್ತಿರ ಜೂನ್ ಮೂರಕ್ಕೆ ಸಮಯ ತೆಗೆದುಕೊಂಡಿದ್ದೇನೆ. ರಜೆ ಹಾಕಿ ಬಾ. ರಜೆ ಕೊಡುವುದಿಲ್ಲ ಎಂದರೆ ನಾನೇ ಆ ಈರುಳ್ಳಿ ಲಾರಿ ಹತ್ತಿ ಬಂದು ನಿನ್ನ ಸಾಹೇಬನ ಜೊತೆ ಮಾತಾಡುತ್ತೇನೆ. ಅವನಿಗೆ ಅದು ಬೇಡ, ನಿನಗೂ ಬೇಡ.

ಮೇಲಧಿಕಾರಿಗೆ ಹೇಳು ಅಥವಾ ಬಿಡು ಎಂದು ನಾನು ಹೇಳುವುದಿಲ್ಲ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿದೆ, ಬರೆಯದೆ ಇಲ್ಲಿಗೆ ಪೆನ್ನು ನಿಲ್ಲಿಸಿದ್ದೇನೆ. ಎಷ್ಟು ಕಷ್ಟವಾಯಿತು ಎಂಬುದು ಮಾತ್ರ ನಿನಗೆ ತಿಳಿದಿರಲಿ.

ಅಲ್ಲಿಯವರೆಗೆ ಹಳಿ ದಾಟುವಾಗ ತಿರುಗಿ ನೋಡು.

ಅಕ್ಕ

ಜೂನ್ 22

ಅಕ್ಕಾ,

ಕ್ಷೇಮವಾಗಿ ತಲುಪಿದೆ. ಕಿವಿಯ ಯಂತ್ರ ಕೆಲಸ ಮಾಡುತ್ತಿದೆ, ಬಲಗಡೆ ಮಾತ್ರ. ಡಾಕ್ಟರು ಹೇಳಿದ ಹಾಗೆ ಎಡಗಡೆಯದು ಹೋದದ್ದೇ. ಲಾರಿಯಲ್ಲಿ ಬರುವಾಗ ಡ್ರೈವರ್ ದಾರಿಯುದ್ದಕ್ಕೂ ಹಾಡಿದ. ಕೇಳಿಸದಿದ್ದಾಗಲೇ ಅವನ ಮೇಲೆ ಗೌರವವಿತ್ತು.

ನಿನ್ನ ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಕಿವಿಗೆ ಯಂತ್ರ ಬರುವ ಮುಂಚೆ, ಬೇಡ ಬೇಡವೆಂದರೂ ನೀನು ನನ್ನನ್ನು ಆ ಕೋಣೆಗೆ ಎಳೆದುಕೊಂಡು ಹೋದೆಯಲ್ಲ. ಐದು ಜನರ ಮಾತಿನ ನಡುವೆ ಕಲ್ಲಿನ ಹಾಗೆ ಕೂತಿರಬೇಕಾಗುತ್ತದೆ ಎಂದು ಹೆದರಿದ್ದೆ. ಆದರೆ ಅಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡುವುದಿಲ್ಲ. ಟೈಪ್ ಮಾಡುವವರಿಗೆ ತಿಳಿಯಬೇಕಲ್ಲ ಎಂದು ನಿಧಾನವಾಗಿ, ಮುಖ ನೋಡಿ ಹೇಳುತ್ತಾರೆ. ತಿಳಿಯದಿದ್ದರೆ ಮತ್ತೆ ಹೇಳುತ್ತಾರೆ, ಮುಖ ಗಂಟಿಕ್ಕದೆ. ಒಂದು ವರ್ಷದಲ್ಲಿ ಮೊದಲ ಸಲ ಒಂದು ಕೋಣೆಯ ಮಾತು ನನಗೆ ಪೂರ್ತಿ ತಿಳಿಯಿತು. ಕೋಡ್ ತಿಳಿಯಲಿಲ್ಲ, ಅದು ಬೇರೆ.

ಯಾಕಮ್ಮ ಎಲ್ಲಿಯೋ ಸಿಕ್ಕಿಹಾಕಿಕೊಂಡು ತಡಕಾಡುತ್ತಿದ್ದಳು. ಉತ್ತರ ನಿನಗೆ ಗೊತ್ತಿದೆ ಎಂದು ನಿನ್ನ ಮೂಗು ನೋಡಿದರೇ ಹೇಳಬಹುದಿತ್ತು. ನೀನು ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದೆ. ಅವಳೇ ಕಂಡುಹಿಡಿದಳು. ಬಿಟ್ಟಿ ಚಾಕರಿ ಎಂದು ಬರೆದಿದ್ದೆ, ಅದನ್ನು ಹೊಡೆದುಹಾಕು. ಅವಳನ್ನು ಪೆದ್ದಿ ಎಂದುಕೊಂಡಿದ್ದೆ, ಅದನ್ನೂ. ಚಹಾದ ಹೊತ್ತಿನಲ್ಲಿ ನನ್ನ ಹತ್ತಿರ ಬಂದು, ಯಾಕೆ ಇಷ್ಟು ದಿನ ಯಾರಿಗೂ ಹೇಳಲಿಲ್ಲ ಎಂದು ಕೇಳಿದಳು. ಬೇರೆ ಯಾರು ಕೇಳಿದ್ದರೂ ರೇಗುತ್ತಿದ್ದೆ.

ಸೋಮವಾರ ಸಾಹೇಬರಿಗೆ ಹೇಳಿದೆ. ಸುರಂಗದೊಳಗೆ ಇನ್ನು ಬಿಡುವುದಿಲ್ಲ ಎಂದರು. ಕೆಲಸ ತೆಗೆಯಲಿಲ್ಲ. ಹೊರಗಿನ ವರ್ಕ್‌ಶಾಪಿಗೆ ಹಾಕಿದ್ದಾರೆ, ಹೊಸ ಫಿಟ್ಟರುಗಳಿಗೆ ಯಂತ್ರ ಕಲಿಸಬೇಕಂತೆ. ಮೊದಲ ದಿನ ಸಿಟ್ಟಿನಲ್ಲಿ ಊಟ ಬಿಟ್ಟೆ. ಎರಡನೆಯ ದಿನ ನಾಲ್ವರನ್ನು ಒಂದು ಗೇರ್‌ಬಾಕ್ಸಿನ ಸುತ್ತ ನಿಲ್ಲಿಸಿ, ಏನು ಕೇಳಿಸುತ್ತದೆ ಹೇಳಿ ಎಂದೆ. ಒಬ್ಬ ಗರಗರ ಎಂದ, ಒಬ್ಬ ಇಲ್ಲ, ಟಕಟಕ ಎಂದ. ಅದು ಗರಗರವೇ ಟಕಟಕವೇ ಎಂದು ಇತ್ಯರ್ಥವಾಗುವ ಹೊತ್ತಿಗೆ ಮಧ್ಯಾಹ್ನ ಕಳೆಯಿತು. ನಾನು ಮುಟ್ಟಿದ್ದರೆ ಐದು ನಿಮಿಷದ ಕೆಲಸ. ತಲೆ ಸಿಡಿದುಹೋಗುತ್ತದೆ ಅಕ್ಕಾ. ನೀನು ಇದನ್ನು ಹೇಗೆ ತಡೆದುಕೊಂಡೆ?

ತಮ್ಮ

ಜುಲೈ 13

ತಮ್ಮಾ,

ತಡೆದುಕೊಂಡೆ ಎಂದು ಯಾರು ಹೇಳಿದರು? ವಾರಕ್ಕೆ ಎರಡು ಸಲ ಆ ಮೆಟ್ಟಿಲಿಳಿಯುವಾಗ ಇನ್ನು ಬರುವುದಿಲ್ಲ ಎಂದುಕೊಳ್ಳುತ್ತೇನೆ. ಮೊನ್ನೆ ಒಂದು ಬಟನ್ನಿನ ಮೇಲೆ "ಕಳುಹಿಸು" ಎಂದಿರಬೇಕೋ "ರವಾನಿಸು" ಎಂದಿರಬೇಕೋ ಎಂಬ ಚರ್ಚೆ ಚಹಾ ತಣ್ಣಗಾಗುವವರೆಗೆ ನಡೆಯಿತು. ಗರಗರವೋ ಟಕಟಕವೋ ಎಂದು ಕೊನೆಗೆ ಏನು ತೀರ್ಮಾನವಾಯಿತು ಬರಿ.

ಕೆಲಸ ಸಿಕ್ಕಿತು. ಈ ಸಲ ಸರಿಯಾಗಿ ಓದಿಕೋ: ಸಿಕ್ಕಿತು. ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ, ಅದನ್ನು ಯೋಚಿಸಿದರೆ ಈಗಲೂ ರೇಗುತ್ತದೆ. ಈ ಹೊಸ ಕಂಪನಿಯ ಇಂಟರ್‌ವ್ಯೂನಲ್ಲಿ ಸಮಸ್ಯೆ ಕೊಟ್ಟಾಗ, ನಿಮ್ಮಲ್ಲಿ ಒಬ್ಬರು ಬಂದು ಟೈಪ್ ಮಾಡಿ, ನಾನು ಹೇಳುತ್ತೇನೆ ಎಂದೆ. ಕೂತಿದ್ದ ಇಬ್ಬರಲ್ಲಿ ಒಬ್ಬ, ಇದು ನಿಮ್ಮ ಪರೀಕ್ಷೆ, ನನ್ನದಲ್ಲ ಎಂದು ಮುಖ ತಿರುಗಿಸಿದ. ಇನ್ನೊಬ್ಬಳು ಎದ್ದು ಬಂದಳು. ನಡುವೆ ಅವಳು ಒಂದು ಕಡೆ ನನ್ನನ್ನು ತಿದ್ದಿದಳು, ಅವಳದೇ ಸರಿಯಿತ್ತು, ಒಪ್ಪಿಕೊಂಡೆ. ಗುರುವಾರ ಮಧ್ಯಾಹ್ನ ಬಿಡಬೇಕು ಎಂಬ ಷರತ್ತು ಹಾಕಿದೆ. ಮುಖ ತಿರುಗಿಸಿದವನು ಯಾಕೆ ಎಂದ. ವಿವರಿಸಿದೆ, ಅವನಿಗೆ ಅರ್ಥವಾಗುವವರೆಗೂ.

ನಿನ್ನೆ ಗುರುವಾರ. ನಾವು ಕೂತಿರುವಾಗ ಲ್ಯಾಬ್ ಮೇಡಂಗೆ ಆಸ್ಪತ್ರೆಯಿಂದ ಫೋನ್ ಬಂತು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಮಾತಾಡಿ, ಬಂದು ಕೂತು, ಕನ್ನಡಕ ತೆಗೆದು ಒರೆಸಿಕೊಂಡರು. ಹೆರಿಗೆಯಾದ ಹೆಂಗಸೊಬ್ಬಳು, ಅವಳಿಗೆ ತೊಳೆದ ರಕ್ತವೇ ಬೇಕು, ಅವಳಿದ್ದ ಆಸ್ಪತ್ರೆಯಲ್ಲಿ ಇಲ್ಲ. ಇವರ ಆಸ್ಪತ್ರೆಯಲ್ಲಿ ಒಂದು ಚೀಲ ತೊಳೆದದ್ದು ಬಳಕೆಯಾಗದೆ ಉಳಿದಿತ್ತು. ಈಗ ಆಸ್ಪತ್ರೆಗಳಲ್ಲಿ ಓಡುತ್ತಿರುವ ನಮ್ಮ ಸಾಫ್ಟ್‌ವೇರಿನಲ್ಲೇ ಆ ಆಸ್ಪತ್ರೆಯವಳು ಕೇಳಿದಳು, ಈ ಆಸ್ಪತ್ರೆಯವನು ಕಳುಹಿಸಿದ. ತಲುಪಿದಾಗ ಎಷ್ಟು ಗಂಟೆ ಉಳಿದಿದೆ ಎಂದು ಸರಿಯಾಗಿ ತೋರಿಸಿತು. ಆ ಹೊತ್ತಿನೊಳಗೆ ಏರಿಸಿದರು. ತಾಯಿ ಎದ್ದು ಕೂತಿದ್ದಾಳೆ.

ಮೌನಿ ಆ ಭಾಗದ ಕೋಡನ್ನು ಪರದೆಯ ಮೇಲೆ ತೆಗೆದ. ಅವಧಿಯನ್ನು ಮತ್ತೆ ಲೆಕ್ಕ ಹಾಕದೆ ಚೀಲದ ಜೊತೆಗೇ ಹಾಗೇ ಸಾಗಿಸುವ ಆ ಒಂದು ಸಾಲು. ಚಿಕ್ಕ ಸಾಲು, ಆದರೆ ಎಷ್ಟು ಚೆಂದ ಅನ್ನಿಸಿತು. ಇದನ್ನು ಹೇಳಿದ್ದು ನಾನೇ ಇರಬೇಕು ಎಂದುಕೊಂಡೆ, ಹೌದೆನ್ನಲು ಬಹಳ ಆಸೆಯೂ ಆಯಿತು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಗಂಟೆಯಣ್ಣ ತನ್ನದಲ್ಲ ಎಂದ. ಲ್ಯಾಬ್ ಮೇಡಂ, ನನಗೆ ಬರೆಯೋಕೆಲ್ಲಿ ಬರುತ್ತೆ ಎಂದರು. ಮೌನಿ ಭುಜ ಕುಣಿಸಿದ. ಯಾಕಮ್ಮ ಗಲ್ಲಕ್ಕೆ ಕೈಕೊಟ್ಟು ಆ ಸಾಲನ್ನೇ ದಿಟ್ಟಿಸುತ್ತಿದ್ದವಳು, ಇದನ್ನು ಇನ್ನೂ ಸರಳ ಮಾಡಬಹುದು ಎಂದಳು.

ಮಾಡಿದೆವು.

ಅಕ್ಕ